ನಿಮ್ಮ ಉಪ್ಪಿನಕಾಯಿ ಹೆಸರನ್ನ ಬೇರೆಯವ್ರು ಹಾಕ್ಕೊಂಡ್ರೆ ಏನ್ ಮಾಡೋದು

ನಮ್ಮತ್ತಿಗೆ ಸಾಗರದ ಹತ್ರ ಮಿಡಿ ಉಪ್ಪಿನಕಾಯಿ ಮಾಡಿ ಮಾರೋಕ್ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು. ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಒಂದ್ ಅಂಗಡೀಲಿ ನೋಡಿದ್ರೆ ಅದೇ ಹೆಸರು, ಅದೇ ಹಳದಿ ಲೇಬಲ್ಲು, ಒಂದಕ್ಷರಕ್ಕೆ ದೀರ್ಘ ಎಳೆದಿದಾರೆ ಅಷ್ಟೇ, ಮಾಲು ಬೇರೆ ಯಾರದ್ದೋ. ಅತ್ತಿಗೆ ಆಗ್ಲೇ ಫೋನ್ ಹಚ್ಚಿ ಬೈಯೋಕ್ ಹೊರಟಿದ್ರು. ಅದೊಂದ್ ಮಾಡ್ಬೇಡಿ ಮಾರಾಯ್ರೆ, ಆ ಕಡೆಯವ್ರು ರಾತ್ರೋರಾತ್ರಿ ಲೇಬಲ್ ಬದಲಾಯಿಸಿ "ನಾವಲ್ಲ" ಅಂದ್ರೆ ನಿಮ್ಮ ಕೈಲಿ ಏನಿರತ್ತೆ?

ಮೊದ್ಲು ಆ ಬಾಟ್ಲಿ ದುಡ್ಡು ಕೊಟ್ಟು ತಗೊಳ್ಳಿ, ಬಿಲ್ ಕೇಳಿ. ಅಂಗಡೀಲಿ ಇಟ್ಟಿರೋದ್ರ ಫೋಟೋ, ಆನ್‌ಲೈನಲ್ಲಿ ಮಾರ್ತಿದ್ರೆ ತಾರೀಕು ಕಾಣೋ ಹಾಗೆ ಸ್ಕ್ರೀನ್‌ಶಾಟ್.

ಆಮೇಲೆ ನಿಮ್ಮನೆ ಅಟ್ಟ ಹತ್ತಿ. ಇದೇ ಮುಖ್ಯ ಕೆಲ್ಸ. ಮೊದಲ್ನೇ ಲೇಬಲ್ ಅಚ್ಚು ಹಾಕ್ಸಿದ ಪ್ರೆಸ್ ಬಿಲ್ಲು, ಅಂಗಡಿಗೆ ಕೊಟ್ಟ ಇನ್‌ವಾಯ್ಸು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಕಾಗ್ದ, ಮೇಳದಲ್ಲಿ ಸ್ಟಾಲ್ ಹಾಕಿದ್ ರಸೀದಿ, ವಾಟ್ಸಾಪ್ ಆರ್ಡರು, ಏನ್ ಸಿಗತ್ತೋ ಎಲ್ಲಾ. ಯಾಕಂದ್ರೆ ನಮ್ಮ ಕಾನೂನಲ್ಲಿ ಹೆಸರನ್ನ ಟ್ರೇಡ್‌ಮಾರ್ಕ್ ಅಂತ ರಿಜಿಸ್ಟರ್ ಮಾಡ್ಸಿದವ್ರಿಗಿಂತ ಮೊದಲಿಂದ ಬಳಸ್ತಾ ಬಂದವ್ರ ಕೈ ಮೇಲು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಕೇಸಲ್ಲಿ ಎದುರು ಪಾರ್ಟಿ ಹತ್ರಾನೂ ರಿಜಿಸ್ಟ್ರೇಷನ್ ಇತ್ತು, ಆದ್ರೂ 2015ರಲ್ಲಿ ಸುಪ್ರೀಂ ಕೋರ್ಟ್ ಹಳೇ ಅಂಗಡಿಯವ್ರ ಪರ ಹೇಳ್ತು. ನಮ್ಮತ್ತಿಗೆಗೆ ಅಕ್ಕಿ ಡಬ್ಬದ ಕೆಳಗೆ ಎಣ್ಣೆ ಮೆತ್ತಿದ್ ಒಂದ್ ಪ್ರೆಸ್ ಬಿಲ್ ಸಿಕ್ತು, ವಕೀಲ್ರು ಅದನ್ನ ನೋಡಿ ಖುಷಿಯಾದಷ್ಟು ಇನ್ಯಾವ್ದಕ್ಕೂ ಆಗ್ಲಿಲ್ಲ.

ಇನ್ನೊಂದು, ಆ ಹೆಸ್ರು ನಿಮ್ದು ಅಂತ ಹೇಳ್ಕೊಳ್ಳೋಕಾದ್ರೂ ಬರತ್ತಾ ನೋಡಿ. "ಮಲೆನಾಡು ಉಪ್ಪಿನಕಾಯಿ" ಅಂತ ಇಟ್ಕೊಂಡು ಪಕ್ಕದವ್ರು ಕದ್ರು ಅಂದ್ರೆ ಕಷ್ಟ, ಊರಿನ ಹೆಸರು, ಮಾಲಿನ ಹೆಸರು ಎಲ್ಲರ ಸೊತ್ತು. ಅಪ್ಪೆಮಿಡಿಗಂತೂ ಜಿಐ ಟ್ಯಾಗೇ ಇದೆ (ಇದು ಇಂಥಾ ಸೀಮೆಯ ಮಾಲು ಅನ್ನೋ ಸರ್ಕಾರಿ ಗುರುತು), ಅದನ್ನ ಒಬ್ರೇ ಟ್ರೇಡ್‌ಮಾರ್ಕ್ ಮಾಡ್ಕೊಳ್ಳೋಕಾಗಲ್ಲ. ಹಾಗೇ ಹೆಸರು ಒಂದೇ ಆದ್ ಮಾತ್ರಕ್ಕೆ ಕೇಸ್ ಗೆದ್ದಂಗಲ್ಲ. ಕೆಎಂಎಫ್ 1985ರಿಂದ ನಂದಿನಿ ಅಂತ ಹಾಲು ಮಾರ್ತಿತ್ತು, ನಂದಿನಿ ಡೀಲಕ್ಸ್ ಹೋಟ್ಲು ಶುರುವಾಗಿದ್ದು 1989ರಲ್ಲಿ, ಅವ್ರ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2018ರಲ್ಲಿ ಹೋಟ್ಲಿನವ್ರೇ ಗೆದ್ರು, ಹಾಲೇ ಬೇರೆ ಹೋಟ್ಲೇ ಬೇರೆ ಅಂತ. ನಮ್ದು ಉಪ್ಪಿನಕಾಯಿಗೆ ಉಪ್ಪಿನಕಾಯೀನೇ ಎದುರು, ಅದಕ್ಕೇ ಧೈರ್ಯ.

ರಿಜಿಸ್ಟರ್ ಮಾಡ್ಸಿಲ್ವಾ? ಈಗ್ಲೇ ಹಾಕಿ. ಟ್ರೇಡ್‌ಮಾರ್ಕ್ ವೆಬ್‌ಸೈಟಲ್ಲಿ ಹೆಸ್ರು ಹುಡ್ಕೋದು ಫ್ರೀ. ಕರ್ನಾಟಕ ಚೆನ್ನೈ ಆಫೀಸಿಗೆ ಬರತ್ತೆ, ಆದ್ರೆ ಅರ್ಜಿ ಆನ್‌ಲೈನಲ್ಲೇ ಹಾಕ್ಬೋದು, ಒಬ್ರೇ ಮಾಡೋ ವ್ಯಾಪಾರಕ್ಕೆ ಒಂದು ಕ್ಲಾಸಿಗೆ, ಅಂದ್ರೆ ಮಾಲಿನ ಒಂದು ವರ್ಗಕ್ಕೆ, 4500 ರೂಪಾಯಿ ಫೀಸು. ಉಪ್ಪಿನಕಾಯಿ 29ನೇ ಕ್ಲಾಸು, ಜೇನುತುಪ್ಪ, ಕಾಫಿಪುಡಿ, ಮಸಾಲೆ 30. ಹುಡುಕುವಾಗ ಎದುರಿನವ್ರೇ ಅರ್ಜಿ ಹಾಕಿರೋದು ಕಂಡ್ರೆ ಗಾಬರಿ ಬೇಡ, ಅದು ಟ್ರೇಡ್‌ಮಾರ್ಕ್ ಆಫೀಸಿನ ಜರ್ನಲ್‌ನಲ್ಲಿ ಬಂದ 4 ತಿಂಗಳೊಳಗೆ ನೀವು ತಕರಾರು ಹಾಕ್ಬೋದು, ಆ ದಿನ ಮಾತ್ರ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಬರ್ದಿಡಿ. ಸರ್ಟಿಫಿಕೇಟ್ ಬರೋವರ್ಗೂ ಲೇಬಲ್ ಮೇಲೆ ಟಿಎಂ ಅಂತ ಹಾಕಿ, ವೃತ್ತದೊಳಗಿನ ಆರ್ ಹಾಕೋದು ತಪ್ಪು. ಸರ್ಟಿಫಿಕೇಟ್ ಇದ್ರೆ ಇನ್ನೊಂದ್ ಲಾಭ ಇದೆ, ಕಾಪಿ ಹೊಡೆದವ್ರು ದಾವಣಗೆರೆಯವ್ರಾದ್ರೂ ನೀವು ವ್ಯಾಪಾರ ಮಾಡೋ ಜಿಲ್ಲೆಯ ಕೋರ್ಟಲ್ಲೇ ಕೇಸ್ ಹಾಕ್ಬೋದು.

ನೋಟಿಸ್ ಇದೆಲ್ಲಾ ಸೇರಿಸ್ಕೊಂಡ್ ಮೇಲೇನೇ, ಅದೂ ವಕೀಲ್ರ ಕೈಲೇ ಬರೆಸಿ. ಆಧಾರ ಇಲ್ದೆ ಬೆದರಿಸಿದ್ರೆ ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಸೆಕ್ಷನ್ ಹಿಡ್ಕೊಂಡು ಅವ್ರೇ ನಿಮ್ಮ ಮೇಲೆ ಕೇಸ್ ಹಾಕ್ಬೋದು. ಫೇಸ್‌ಬುಕ್ಕಲ್ಲಿ ಕಳ್ಳ ಗಿಳ್ಳ ಅಂತೆಲ್ಲಾ ಬರೀಲೇ ಬೇಡಿ.

ನಮ್ಮ ನೋಟಿಸ್ ಹೋಗಿ ಮೂರ್ನೇ ವಾರ ಆ ಕಡೆಯವ್ರೇ ಫೋನ್ ಮಾಡಿ, ಲೇಬಲ್ ತುಂಬಾ ಉಳ್ದಿದೆ, ಖಾಲಿ ಆಗೋವರ್ಗೂ ಟೈಮ್ ಕೊಡಿ ಅಂದ್ರು. ಅತ್ತಿಗೆ ಒಂದ್ ತಿಂಗ್ಳು ಕೊಟ್ರು, ಸ್ಟಾಂಪ್ ಪೇಪರ್ ಮೇಲೆ ಬರೆಸ್ಕೊಂಡು, ಸೈನ್ ಹಾಕಿಸ್ಕೊಂಡು.