ಆಸ್ಟ್ರೇಲಿಯಾದಿಂದ ಹೊರಡುವ ಮುಂಚೆ ಇದನ್ನು ನೋಡಿಕೊಳ್ಳಿ

ಸಿಡ್ನಿಯಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ನಾನೂ ನಮ್ಮ ಯಜಮಾನರೂ ಮೊನ್ನೆ ಮೈಸೂರಿಗೆ ಬಂದೆವು. ಮಕ್ಕಳನ್ನು ನೋಡಲು ಹೋಗುವವರು ಈ ಗುಂಪಿನಲ್ಲಿ ಜಾಸ್ತಿ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಖರೀದಿಯನ್ನೆಲ್ಲ ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ. ಒಂದೇ ಅಂಗಡಿಯವರ ಹತ್ತಿರ ಒಟ್ಟು 300 ಡಾಲರ್ ಅಥವಾ ಮೇಲ್ಪಟ್ಟು ಕೊಂಡಿದ್ದರೆ, ಅದರಲ್ಲಿ ಸೇರಿರುವ 10% ಜಿಎಸ್‌ಟಿಯನ್ನು ಏರ್‌ಪೋರ್ಟಿನಲ್ಲಿ ವಾಪಸ್ ಕೇಳಬಹುದು. ಆದರೆ ಹೊರಡುವ ದಿನದಿಂದ ಹಿಂದಕ್ಕೆ 60 ದಿನದೊಳಗೆ ಕೊಂಡಿರಬೇಕು. ನಾವು ಮೊದಲ ವಾರದಲ್ಲೇ ಕೋಟು, ಶೂ ತೆಗೆದುಕೊಂಡು ಕೈ ಸುಟ್ಟುಕೊಂಡೆವು. ಟ್ಯಾಕ್ಸ್ ಇನ್‌ವಾಯ್ಸ್ ಜೋಪಾನ. ಸಾಮಾನು ತೋರಿಸಿ ಅನ್ನಬಹುದು, ಹಾಗಾಗಿ ಕೈಚೀಲದಲ್ಲಿರಲಿ. ಕೈಚೀಲದಲ್ಲಿ ಒಯ್ಯಲಾಗದ ದ್ರವ ಪದಾರ್ಥವಾದರೆ ಚೆಕ್-ಇನ್‌ಗೆ ಮುಂಚೆಯೇ ಬಾರ್ಡರ್ ಫೋರ್ಸ್‌ನವರಿಗೆ (ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು) ತೋರಿಸಬೇಕು. ವಿಮಾನ ಹೊರಡಲು ಅರ್ಧ ಗಂಟೆ ಇರುವಾಗ ಅರ್ಜಿ ಬಂದ್, ಬೇಗ ಹೋಗಿ.

ಚಿಲ್ಲರೆ ನಾಣ್ಯ ಅಲ್ಲೇ ಖರ್ಚು ಮಾಡಿ. ಇಲ್ಲಿ ತಂದರೆ ಮೊಮ್ಮಕ್ಕಳಿಗೆ ಆಟದ ಸಾಮಾನು, ಅಷ್ಟೇ.

ಇನ್ನೊಂದು, ಬೆಂಗಳೂರು ಏರ್‌ಪೋರ್ಟಿನಿಂದ ಮೈಸೂರಿಗೆ ಬರುವ ಫ್ಲೈಬಸ್ ಟಿಕೆಟ್ ಆಸ್ಟ್ರೇಲಿಯಾದಿಂದಲೇ ಬುಕ್ ಮಾಡಿ. ವಿಮಾನ ತಡವಾಗಬಹುದು, ಮಧ್ಯೆ ಎರಡು ಗಂಟೆಯಾದರೂ ಬಿಟ್ಟುಕೊಳ್ಳಿ.