ಕೇಸು ಮುಗಿದ ಮೇಲೂ ಬರುವ ಹೆಂಗಸರು

ಮನೆಯಲ್ಲಿ ಹಿಂಸೆಗೆ ಸಿಕ್ಕಿದ ಹೆಂಗಸರಿಗೆ ನೆರವಾಗುವ ಒಂದು ತಾಲ್ಲೂಕಿನ ಸಾಂತ್ವನ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕಿ. ಜೀವನಾಂಶದ ಆದೇಶ ಬಂದು, ಬಾಡಿಗೆ ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೂ ಕೆಲವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಕೆಲಸ ಏನೂ ಇರುವುದಿಲ್ಲ. ಒಬ್ಬರಂತೂ ಸಂತೆ ಮುಗಿಸಿ ಅವರೆಕಾಯಿ ಚೀಲದ ಸಮೇತ ಬರುತ್ತಾರೆ. ಬೆಂಚಿನ ಮೇಲೆ ಕೂತು ಕಾಯಿ ಸುಲಿಯುತ್ತಾ ಮಾತಾಡಿ ಹೋಗುತ್ತಾರೆ. ‘ಹೀಗೆ ಅಂಟಿಕೊಂಡರೆ ಅವರು ಸ್ವಂತ ಕಾಲ ಮೇಲೆ ನಿಲ್ಲೋದು ಯಾವಾಗ?’ ಅಂತ ನಮ್ಮನ್ನು ಕೇಳಿದವರಿದ್ದಾರೆ. ಈ ನಂಟು ಇದ್ದದ್ದರಿಂದಲೇ ಅವರು ನಿಂತಿದ್ದು ಅಂತ ನಾನು ಹೇಳುತ್ತೇನೆ.

ಹೊಡೆತ ತಿಂದು ತವರಿಗೆ ಹೋದರೆ ‘ಹೊಂದ್ಕೊಂಡು ಹೋಗಮ್ಮ’ ಅಂತ ಬಸ್ ಹತ್ತಿಸುತ್ತಾರೆ. ಊರ ಹಿರಿಯರದ್ದೂ ರಾಜಿ ಮಾತೇ. ಅವಳು ಹೇಳಿದ್ದನ್ನು ಅನುಮಾನಪಡದೆ ಕೇಳಿಸಿಕೊಂಡ ಮೊದಲ ಜಾಗ ಇದು. ಒಬ್ಬಾಕೆ ರೇಷನ್ ಕಾರ್ಡು, ಮದುವೆ ಫೋಟೋ, ಆಸ್ಪತ್ರೆ ಚೀಟಿ, ಮಗಳ ಜನನ ಪತ್ರ ಎಲ್ಲವನ್ನೂ ಒಂದು ಬಟ್ಟೆ ಅಂಗಡಿ ಕವರಿನಲ್ಲಿ ಸುತ್ತಿ ತಂದಿದ್ದರು. ‘ಮನೇಲಿಟ್ರೆ ಸುಟ್ಟಾಕ್ತಾನೆ ಮೇಡಂ, ನಿಮ್ ಬೀರುನಲ್ಲೇ ಇರ್ಲಿ’ ಅಂದರು. ಒಂದೊಂದನ್ನೂ ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು, ಜೆರಾಕ್ಸ್ ಅವರ ಕೈಗೆ ಕೊಟ್ಟು ಇಟ್ಟುಕೊಂಡೆವು. ಆಮೇಲೆ ವಾರ ವಾರ ಬಂದು ಆ ಕವರು ನೋಡಿ ಹೋಗುತ್ತಿದ್ದರು. ನಾವು ಸುಮ್ಮನೆ ತೆಗೆದು ತೋರಿಸುತ್ತಿದ್ದೆವು.

ಮೊದಲ ದಿನ ನಾನು ಫಾರಂ ತೆಗೆಯುವುದಿಲ್ಲ. ನೀರು, ಟೀ, ಮಗುವಿಗೆ ಬಿಸ್ಕತ್ತು, ಫೋನಿಗೆ ಚಾರ್ಜರು. ಆದರೆ ನಮ್ಮ ಕೈಯಲ್ಲಿ ಏನಾಗುತ್ತದೆ, ಏನಾಗಲ್ಲ ಅನ್ನುವುದನ್ನು ಅವತ್ತೇ ಹೇಳಿಬಿಡುತ್ತೇನೆ. ಹಿಂಸೆಗೊಳಗಾದ ಹೆಂಗಸರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ಉಳಿಯಲು 5 ದಿನದವರೆಗೆ ಅವಕಾಶ. ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆ ವಸತಿ ನೋಡಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ. ಸುಳ್ಳು ಭರವಸೆ ಕೊಟ್ಟು ಬೆಳೆಸಿದ ನಂಟು ಮುರಿದರೆ ಅವಳು ಇನ್ನೆಲ್ಲೂ ಬಾಯಿ ಬಿಡುವುದಿಲ್ಲ.

ನಾನು ಜಾಸ್ತಿ ಎಚ್ಚರ ಪಡುವುದು ಇನ್ನೊಂದಕ್ಕೆ. ಆ ಪ್ರೀತಿ ನನ್ನೊಬ್ಬಳ ಮೇಲೇ ಬೆಳೆಯಬಾರದು. ನಮ್ಮದು ಕಾಯಂ ಕೆಲಸ ಅಲ್ಲ, ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ. ಅದಕ್ಕೆ ಎರಡನೇ ಭೇಟಿಯಿಂದಲೇ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳುತ್ತೇನೆ. ನನ್ನ ಸ್ವಂತ ನಂಬರ್ ಕೊಡುವುದಿಲ್ಲ. ಕೇಂದ್ರದ ನಂಬರ್, ರಾತ್ರಿ ಹೊತ್ತಿಗೆ ಮಹಿಳಾ ಸಹಾಯವಾಣಿ 181. ಕೆಲವರಿಗೆ ಬೇಜಾರಾಗುತ್ತದೆ, ನಿಜ. ಆದರೆ ರಾತ್ರಿ ನಾನು ಫೋನ್ ಎತ್ತದೇ ಹೋದರೆ ಅವಳ ಗತಿ ಏನು, ಅಲ್ವಾ?

ಕೇಸು ಮುಗಿದವರಿಗೆ ಶನಿವಾರ ಮಧ್ಯಾಹ್ನ ಅಂತ ಹೊತ್ತು ಗೊತ್ತು ಮಾಡಿದೆವು. ಅವರಲ್ಲಿ ಕೆಲವರು ಈಗ ಹೊಸಬರ ಜೊತೆ ಕೋರ್ಟಿಗೆ ಹೋಗುತ್ತಾರೆ. ಎದುರಿಗೆ ಅತ್ತೆ ಮನೆಯವರು ಗುಂಪಾಗಿ ನಿಂತಿರುವಾಗ ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಎಷ್ಟೋ ಧೈರ್ಯ. ಷರತ್ತು ಇಷ್ಟೇ: ತಮ್ಮ ಕಥೆ ಹೇಳಬಹುದು, ‘ನೀನೂ ಗಂಡನ್ನ ಬಿಟ್ಟುಬಿಡು’ ಅನ್ನಬಾರದು. ಅದು ಅವಳೇ ತೀರ್ಮಾನಿಸಬೇಕಾದ್ದು. ಕೇಳಿಸಿಕೊಂಡ ಹೆಸರು, ಊರು ಹೊರಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಬಾಡಿಗೆ ಕಟ್ಟಡ ಖಾಲಿ ಮಾಡಬೇಕಾಗಿ ಬಂದಾಗ ಈ ನಂಟು ಎಷ್ಟು ಆಳದ್ದು ಅಂತ ಚೆನ್ನಾಗಿ ಕಂಡಿತು. ಸುದ್ದಿ ಕೇಳಿ ಇಬ್ಬರು ಅತ್ತೇಬಿಟ್ಟರು. ಹಾಗಾಗಿ ಮುಂಚೆಯೇ ಎಲ್ಲರನ್ನೂ ಕರೆದುಕೊಂಡು ಹೋಗಿ ಹೊಸ ಜಾಗ ತೋರಿಸಿದೆವು. ಬೆಂಚು ಎಲ್ಲಿಡಬೇಕು ಅಂತ ಅವರೇ ಹೇಳಿದರು: ಬಾಗಿಲ ಎದುರು ಬೇಡ, ರಸ್ತೆಯಲ್ಲಿ ಹೋಗುವವರಿಗೆ ಮುಖ ಕಾಣುತ್ತೆ, ಒಳಗಡೆ ಗೋಡೆ ಪಕ್ಕ ಇರಲಿ, ಅಲ್ಲಿಂದ ಬಾಗಿಲು ಮಾತ್ರ ಕಾಣಬೇಕು, ಯಾರು ಬಂದರೂ ಮೊದಲೇ ಗೊತ್ತಾಗಬೇಕು. ಅವರು ಹೇಳಿದ ಹಾಗೇ ಹಾಕಿದ್ದೇವೆ.