ಜೆ-20 ವರ್ಷಕ್ಕೆ ಎಷ್ಟು? ನಾನು ಎಣಿಸುವ ಬಗೆ, ಲೆಕ್ಕ ಎಡವುವ ಜಾಗ

ಚೀನಾದ ಸ್ಟೆಲ್ತ್ (ರೇಡಾರ್‌ಗೆ ಸುಲಭವಾಗಿ ಸಿಗದ) ಯುದ್ಧವಿಮಾನ ಜೆ-20 ವರ್ಷಕ್ಕೆ ಎಷ್ಟು ತಯಾರಾಗುತ್ತದೆ ಎಂದು ಲೆಕ್ಕ ಹಾಕಲು ಕೂರುವ ಮೊದಲು ‘ತಯಾರಾಗಿದೆ’ ಎಂದರೆ ಏನು ಎಂಬುದನ್ನು ಹಾಳೆಯ ತಲೆಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಜೋಡಣೆ ಮುಗಿದು ಶೆಡ್ಡಿನಿಂದ ಹೊರಬಂದದ್ದೋ, ಮೊದಲ ಸಲ ಹಾರಿದ್ದೋ, ವಾಯುಪಡೆಗೆ ಒಪ್ಪಿಸಿದ್ದೋ, ಬ್ರಿಗೇಡಿಗೆ (ವಾಯುಪಡೆಯ ಯುದ್ಧ ಘಟಕಕ್ಕೆ) ಸೇರಿ ಕೆಲಸಕ್ಕೆ ಇಳಿದದ್ದೋ? ಈ ನಾಲ್ಕರ ನಡುವೆ ತಿಂಗಳುಗಳ ಅಂತರ ಇರುತ್ತದೆ. ಅಮೆರಿಕದ ಯುದ್ಧವಿಮಾನ ಎಫ್-35ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಹೊಸ ಟಿಆರ್-3 ಯಂತ್ರಾಂಶ ಮತ್ತು ತಂತ್ರಾಂಶ ಸಿದ್ಧವಾಗದೆ 2023ರ ಜುಲೈಯಿಂದ ಸುಮಾರು ಒಂದು ವರ್ಷ ಅವನ್ನು ಹಾಕಿದ ಹೊಸ ವಿಮಾನಗಳ ಹಸ್ತಾಂತರ ನಿಂತುಹೋಯಿತು. ಜೋಡಣೆ ಮಾತ್ರ ನಿಲ್ಲಲಿಲ್ಲ. 2023ರಲ್ಲಿ ಒಪ್ಪಿಸಿದ್ದು 98, ಕಾರ್ಖಾನೆಯ ಪೂರ್ಣ ವೇಗ ವರ್ಷಕ್ಕೆ 156. ಎರಡೂ ಸರಿಯಾದ ಅಂಕಿಗಳೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಜೆ-20 ವಿಷಯದಲ್ಲಿ ಜನ ಜಗಳವಾಡುವ ಅರ್ಧದಷ್ಟು ಅಂಕಿಗಳು ಹೀಗೆ ಒಂದು ಹಂತದ ಎಣಿಕೆಯನ್ನು ಇನ್ನೊಂದು ಹಂತದ್ದರ ಜೊತೆ ಕಲಸಿದ್ದರಿಂದ ಹುಟ್ಟಿದವು. ನಾನು ಎಣಿಸುವುದು ವಾಯುಪಡೆಗೆ ಒಪ್ಪಿಸಿದ ವಿಮಾನಗಳನ್ನು. ಉಳಿದ ಮೂರು ಹಂತಗಳು ಅದಕ್ಕೆ ತಾಳೆ ನೋಡಲು.

ದಾರಿಗಳು ಮೂರು: ವಿಮಾನದ ಮೈಮೇಲಿನ ಸಂಖ್ಯೆ, ಕಾರ್ಖಾನೆಯ ರನ್‌ವೇ ಪಕ್ಕ ನಿಂತವುಗಳ ಎಣಿಕೆ, ಬ್ರಿಗೇಡುಗಳ ಎಣಿಕೆ. ಯಾವುದೇ ಒಂದರಿಂದ ಬಂದ ಅಂಕಿಯನ್ನು ಒಂಟಿಯಾಗಿ ಹೊರಗೆ ಬಿಡುವುದಿಲ್ಲ.

ಮೊದಲು ಸಂಖ್ಯೆ. ಜೆ-20 ಹುಟ್ಟುವುದು ಚೆಂಗ್ಡು ನಗರದ ಪಶ್ಚಿಮಕ್ಕಿರುವ ಹುವಾಂಗ್‌ಟಿಯಾನ್‌ಬಾ ಕಾರ್ಖಾನೆಯಲ್ಲಿ. ಜೋಡಣೆಯಿಂದ ಹೊರಬಂದ ವಿಮಾನ ಹಸಿರು ಕಲೆತ ಹಳದಿ ಪ್ರೈಮರ್‌ನಲ್ಲೇ (ಅಡಿಬಣ್ಣದಲ್ಲೇ) ಕಾರ್ಖಾನೆಯ ಪರೀಕ್ಷಾ ಹಾರಾಟಗಳನ್ನು ಮಾಡುತ್ತದೆ, ಬೂದು ಬಣ್ಣ ಆಮೇಲೆ. ಪ್ರೈಮರ್ ಹಂತದ ಸ್ಪಷ್ಟ ಫೋಟೋ ಸಿಕ್ಕರೆ ಮೈಮೇಲೆ ‘ಸಿಬಿ’ ಅಕ್ಷರಗಳಿಂದ ಶುರುವಾಗುವ ಕಾರ್ಖಾನೆ ಸಂಖ್ಯೆ ಓದಬಹುದು. ಮೊದಲ ಎರಡು ಅಂಕೆ ಬ್ಯಾಚಿನದು, ಮುಂದಿನ ಎರಡು ಆ ಬ್ಯಾಚಿನೊಳಗಿನ ಕ್ರಮಾಂಕ. ಇದನ್ನು ಬ್ರಿಗೇಡಿನ ಐದಂಕಿ ಸಂಖ್ಯೆಯ ಜೊತೆ ಬೆರೆಸಲೇಬಾರದು. 78271, 62001 ಬಗೆಯವು ಘಟಕಕ್ಕೆ ಸೇರಿದ ಮೇಲೆ ಬರೆದವು. ವಿಮಾನ ಬ್ರಿಗೇಡ್ ಬದಲಿಸಿದರೆ ಆ ಸಂಖ್ಯೆಯೂ ಬದಲಾಗುತ್ತದೆ. ಒಂದೇ ವಿಮಾನವನ್ನು ಎರಡು ಸಲ ಎಣಿಸುವ ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. 2001, 2002, 2011ರಿಂದ 2017ರ ನಡುವಿನ ನಾಲ್ಕಂಕಿ ಸಂಖ್ಯೆಯವು ಪರೀಕ್ಷೆಗೆಂದು ಮೊದಲು ಕಟ್ಟಿದ ಮಾದರಿ ವಿಮಾನಗಳು. ಅವುಗಳಿಗೆ ಬೇರೆ ಹಾಳೆ. 2015ರ ಕೊನೆಯಲ್ಲಿ ಹಳದಿ ಮೈಯಲ್ಲಿ ಕಾಣಿಸಿಕೊಂಡ 2101ರಿಂದ ಉತ್ಪಾದನೆಯ ಎಣಿಕೆ ಶುರು.

ಕಂಡ ಕ್ರಮಾಂಕಗಳಿಂದ ಕಾಣದವುಗಳ ಅಂದಾಜಿಗೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಟ್ಯಾಂಕುಗಳ ಮೇಲಿನ ಕ್ರಮಾಂಕದಿಂದ ಒಟ್ಟು ಎಷ್ಟೆಂದು ಅಂದಾಜಿಸಿದ ಸೂತ್ರವೇ ಇವತ್ತಿಗೂ ಸಾಕು. ಕಂಡದ್ದರಲ್ಲಿ ಅತಿ ದೊಡ್ಡ ಕ್ರಮಾಂಕ ತಗೊಳ್ಳಿ, ಅದನ್ನು ಕಂಡ ವಿಮಾನಗಳ ಸಂಖ್ಯೆಯಿಂದ ಭಾಗಿಸಿ ಅದಕ್ಕೇ ಕೂಡಿಸಿ, ಒಂದು ಕಳೆಯಿರಿ. ಒಂದು ಬ್ಯಾಚಿನಲ್ಲಿ 3, 8, 11, 19, 24 ಎಂಬ ಐದು ಕ್ರಮಾಂಕ ಕಂಡಿವೆ ಎಂದಿಟ್ಟುಕೊಳ್ಳೋಣ. 24ಕ್ಕೆ 24ರ ಐದನೇ ಒಂದು ಪಾಲು 4.8 ಸೇರಿಸಿ ಒಂದು ಕಳೆದರೆ 27.8, ಅಂದರೆ ಸುಮಾರು 28. ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಲೆಕ್ಕ. 95 ಶೇಕಡಾ ಭರವಸೆಯ ಮೇಲಿನ ಮಿತಿ ತೆಗೆದರೆ 41 ಬರುತ್ತದೆ. ಅಂದರೆ ಆ ಬ್ಯಾಚಿನಲ್ಲಿ 24 ಇರಬಹುದು, 41ರವರೆಗೂ ಇರಬಹುದು. ಅದೇ 24 ದೊಡ್ಡದಾಗಿದ್ದು, ಕಂಡ ವಿಮಾನಗಳು ಐದರ ಬದಲು ಹತ್ತು ಆಗಿದ್ದರೆ ಮಧ್ಯದ ಅಂದಾಜು 25ರ ಆಸುಪಾಸಿಗೆ ಇಳಿಯುತ್ತದೆ, ಮೇಲಿನ ಮಿತಿ 30ಕ್ಕೆ ಬರುತ್ತದೆ. ಹೊಸ ದೊಡ್ಡ ಕ್ರಮಾಂಕಕ್ಕಾಗಿ ಎಲ್ಲರೂ ಕಾಯುತ್ತಾರೆ, ಆದರೆ ನಡುವಿನ ಕಾಣದ ಕ್ರಮಾಂಕ ಒಂದೊಂದು ಸಿಕ್ಕಾಗಲೂ ಅಂದಾಜು ಅಷ್ಟೇ ಬಿಗಿಯಾಗುತ್ತದೆ.

ಸೂತ್ರ ದುಡಿಯುವುದು ಕಂಡ ವಿಮಾನಗಳು ಯಾದೃಚ್ಛಿಕವಾಗಿ ಕಂಡಿದ್ದರೆ ಮಾತ್ರ. ವಾಸ್ತವದಲ್ಲಿ ಚೀನಾದ ಝುಹಾಯ್ ವೈಮಾನಿಕ ಪ್ರದರ್ಶನಕ್ಕೆ ಬಂದ ನಾಲ್ಕು ವಿಮಾನಗಳ ಸಾವಿರ ಫೋಟೋ ಇರುತ್ತವೆ, ಉಳಿದವುಗಳದ್ದು ಒಂದೂ ಇರುವುದಿಲ್ಲ. ಸಾವಿರ ಫೋಟೋ ಇದ್ದರೂ ಅವು ನಾಲ್ಕೇ ವಿಮಾನ. ಮಸುಕು ಚಿತ್ರದಲ್ಲಿ 3, 6, 8 ಒಂದರಂತೆ ಇನ್ನೊಂದು ಕಾಣುತ್ತವೆ. ಎರಡು ಬೇರೆ ಕೋನಗಳಲ್ಲಿ ಓದಲಾಗದ ಸಂಖ್ಯೆಯನ್ನು ‘ಸಂಶಯ’ ಎಂಬ ಕಾಲಂನಲ್ಲಿ ಹಾಕುತ್ತೇನೆ, ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಧಿಕೃತ ಚಿತ್ರಗಳಲ್ಲಿ ಸಂಖ್ಯೆಯನ್ನು ಅಳಿಸಿರುವುದೂ, ಹಳೆಯ ಚಿತ್ರಕ್ಕೆ ಹೊಸ ದಿನಾಂಕ ಹಾಕಿ ಬಿಡುವುದೂ ಸಾಮಾನ್ಯ. ಚಿತ್ರದ ಕಾಲ ಅಳೆಯಲು ವಿಮಾನದ ಹಿಂಭಾಗ ನೋಡಿ. ಎಂಜಿನ್ ನಳಿಕೆಯ ಅಂಚು ಗರಗಸದ ಹಲ್ಲಿನಂತಿದ್ದರೆ ಅದು ಚೀನಾದ್ದೇ ಆದ ಡಬ್ಲ್ಯುಎಸ್-10 ಹಾಕಿದ್ದು, ಮೊದಲ ಬ್ಯಾಚುಗಳ ರಷ್ಯನ್ ಎಎಲ್-31 ಅಲ್ಲ. ಕಾಕ್‌ಪಿಟ್ ಹಿಂದಿನ ಬೆನ್ನು ಉಬ್ಬಿದ್ದರೆ ಜೆ-20ಎ. ಎರಡು ಆಸನ ಇದ್ದರೆ ಜೆ-20ಎಸ್, ಅದು ಮೊದಲು ಕಂಡದ್ದು 2021ರ ಅಕ್ಟೋಬರ್‌ನಲ್ಲಿ.

ಎರಡು ಆಸನದವುಗಳಿಗೆ ಬೇರೆ ಸರಣಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಪಾಠ ನಮ್ಮ ಬೆಂಗಳೂರಿನಲ್ಲೇ ಇದೆ. ಎಚ್‌ಎಎಲ್‌ನ ಒಂದಾಸನದ ತೇಜಸ್‌ಗಳದ್ದು ಎಲ್‌ಎ-5001ರ ಸರಣಿ. ಮೊದಲ ಮಾರ್ಕ್ 1ಎ, 2024ರ ಮಾರ್ಚ್ 28ರಂದು ಹಾರಿದ್ದು, ಎಲ್‌ಎ-5033. ಅಲ್ಲಿಗೆ ಮಾರ್ಕ್ 1 ಆದೇಶ 32 ವಿಮಾನ ಎಂದುಕೊಂಡರೆ ಎಂಟು ತಪ್ಪಿಹೋಗುತ್ತವೆ, ಏಕೆಂದರೆ ತರಬೇತಿ ವಿಮಾನಗಳದ್ದು ಎಲ್‌ಟಿ-5201ರಿಂದ ಬೇರೆ ಸಾಲು. ಆದೇಶವಿದ್ದದ್ದು 32ಕ್ಕೆ 8 ಸೇರಿಸಿ 40. ಚೀನಾದ ಸಂಖ್ಯೆಗಳನ್ನು ಓದಲು ಹೊರಡುವವರು ಮೊದಲು ಹೀಗೆ ಉತ್ತರ ಗೊತ್ತಿರುವ ಕಾರ್ಖಾನೆಯೊಂದರ ಮೇಲೆ ತಮ್ಮ ವಿಧಾನವನ್ನು ತಿಕ್ಕಿ ನೋಡಬೇಕು. ಪ್ರಕಟವಾದ ಮಾಹಿತಿಯೇ ಸಾಕು. ಎಚ್‌ಎಎಲ್ ವಿಮಾನ ನಿಲ್ದಾಣದ ಬೇಲಿ ಪಕ್ಕ ಕ್ಯಾಮೆರಾ ಹಿಡಿದು ನಿಲ್ಲುವುದು ಬೇಡ, ಅದು ಕಾನೂನಿಗೆ ವಿರುದ್ಧ.

ಸಂಖ್ಯೆಗಳಿಂದ ದರಕ್ಕೆ ಹೋಗುವಾಗ ಗ್ರಾಫ್ ಹಾಕುತ್ತೇನೆ. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಒಟ್ಟು ಕ್ರಮಾಂಕ. ಹೊಸಬರು ಎಲ್ಲ ಚುಕ್ಕೆಗಳ ನಡುವೆ ಒಂದು ಸರಾಸರಿ ಗೆರೆ ಎಳೆಯುತ್ತಾರೆ. ಅದು ತಪ್ಪು. ಪ್ರತಿ ಚುಕ್ಕೆಯೂ ಹೇಳುವುದು ಒಂದೇ ಮಾತು: ಈ ದಿನಕ್ಕೆ ಕನಿಷ್ಠ ಇಷ್ಟು ತಯಾರಾಗಿತ್ತು. ವಿಮಾನ ಹುಟ್ಟಿ ಎರಡು ವರ್ಷದ ಮೇಲೆ ಕಂಡರೂ ಚುಕ್ಕೆ ಬೀಳುತ್ತದೆ, ಆದರೆ ತುಂಬ ಬಲಕ್ಕೆ. ಹಾಗಾಗಿ ಎಡ ಮೇಲಂಚಿನ ಚುಕ್ಕೆಗಳನ್ನು ಮಾತ್ರ ಸೇರಿಸಿ ಗೆರೆ ಎಳೆಯಬೇಕು, ಅದರ ಇಳಿಜಾರೇ ದರ. ಬಲತುದಿಯ ಆರೆಂಟು ತಿಂಗಳು ಯಾವಾಗಲೂ ಚಪ್ಪಟೆಯಾಗಿ ಕಾಣುತ್ತದೆ, ಏಕೆಂದರೆ ಇತ್ತೀಚಿನ ವಿಮಾನಗಳು ಇನ್ನೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ‘ಉತ್ಪಾದನೆ ಕುಸಿಯಿತು’ ಎಂಬ ಸುದ್ದಿಗಳು ಹುಟ್ಟುವ ಮೂಲೆ ಅದು. ಆ ತುಂಡನ್ನು ನಾನು ಕತ್ತರಿಸಿಬಿಡುತ್ತೇನೆ.

ಎರಡನೇ ದಾರಿ ಉಪಗ್ರಹ ಚಿತ್ರ. ದರ್ಶಿನಿಯಲ್ಲಿ ಯಾವ ಹೊತ್ತಿಗೆ ನೋಡಿದರೂ 20 ಜನ ತಿನ್ನುತ್ತಿದ್ದಾರೆ, ಒಬ್ಬೊಬ್ಬರಿಗೆ 10 ನಿಮಿಷ ಬೇಕು ಎಂದರೆ ನಿಮಿಷಕ್ಕೆ ಇಬ್ಬರು ಬಂದು ಹೋಗುತ್ತಿದ್ದಾರೆ ಎಂದಾಯಿತು. ಕಾರ್ಖಾನೆಯ ಏಪ್ರನ್‌ಗೂ, ಅಂದರೆ ರನ್‌ವೇ ಪಕ್ಕ ವಿಮಾನ ನಿಲ್ಲಿಸುವ ಅಂಗಳಕ್ಕೂ, ಅದೇ ಲೆಕ್ಕ. ಪರೀಕ್ಷೆಗೆ ಕಾಯುತ್ತಾ ಸರಾಸರಿ 9 ಜೆ-20 ನಿಂತಿವೆ, ಒಂದೊಂದು 36 ದಿನ ಅಲ್ಲಿರುತ್ತದೆ ಎಂದುಕೊಂಡರೆ ವರ್ಷಕ್ಕೆ 91. ಅದೇ 60 ದಿನ ಎಂದುಕೊಂಡರೆ 55, 25 ದಿನ ಎಂದುಕೊಂಡರೆ 131. ಎಣಿಕೆ ಬದಲಾಗಿಲ್ಲ, ತಂಗುವ ದಿನದ ಊಹೆ ಮಾತ್ರ ಬದಲಾಗಿದೆ. ಯಾರಾದರೂ ಉಪಗ್ರಹ ಚಿತ್ರ ತೋರಿಸಿ ದರ ಹೇಳಿದರೆ ನಾನು ಮೊದಲು ಹುಡುಕುವುದು ಈ ದಿನದ ಅಂಕಿಯನ್ನು. ಅದನ್ನು ಕಟ್ಟಲು ಒಂದೇ ಕಾರ್ಖಾನೆ ಸಂಖ್ಯೆ ಹಳದಿಯಲ್ಲಿ ಕಂಡ ದಿನ, ಬೂದು ಬಣ್ಣದಲ್ಲಿ ಕಂಡ ದಿನ, ಈ ಜೋಡಿಗಳನ್ನು ಸೇರಿಸುತ್ತಾ ಹೋಗಬೇಕು. ನಿಧಾನದ ಕೆಲಸ, ಬೇರೆ ದಾರಿಯಿಲ್ಲ.

ಚಿತ್ರದ ಗುಣಮಟ್ಟ ಮುಖ್ಯ. ಅದೇ ರನ್‌ವೇಯಿಂದ ಜೆ-10 ಯುದ್ಧವಿಮಾನ ಕೂಡ ಹಾರುತ್ತದೆ, ಅದಕ್ಕೂ ಮೂಗಿನ ಹಿಂದೆ ಕೆನಾರ್ಡ್ ಎಂಬ ಪುಟ್ಟ ರೆಕ್ಕೆ, ಹಿಂದೆ ತ್ರಿಕೋನ ರೆಕ್ಕೆ. ಜೆ-20 ಸುಮಾರು 21 ಮೀಟರ್ ಉದ್ದ, 13 ಮೀಟರ್ ಅಗಲ. ಜೆ-10 ಸುಮಾರು 17 ಮೀಟರ್, 9.8 ಮೀಟರ್. ಮೂರು ಮೀಟರ್ ಪಿಕ್ಸೆಲ್‌ನ ಚಿತ್ರದಲ್ಲಿ ಮೊದಲನೆಯದು ಉದ್ದಕ್ಕೆ 7 ಪಿಕ್ಸೆಲ್, ಎರಡನೆಯದು 5 ಅಥವಾ 6. ಅಷ್ಟರಲ್ಲಿ ಬೇರ್ಪಡಿಸುವೆ ಎನ್ನುವುದು ಬರೀ ಊಹೆ. 50 ಸೆಂಟಿಮೀಟರ್ ಚಿತ್ರದಲ್ಲಿ 42ಕ್ಕೆ 34 ಪಿಕ್ಸೆಲ್, ಆಗ ಅಳತೆ ಕೈಗೆ ಸಿಗುತ್ತದೆ. 30 ಸೆಂಟಿಮೀಟರ್‌ನಲ್ಲಾದರೆ ನೆರಳನ್ನೂ ಓದಬಹುದು. ಬೆಳಗಿನ ಓರೆ ಬಿಸಿಲಿನಲ್ಲಿ ಕಾಂಕ್ರೀಟಿನ ಮೇಲೆ ಜೆ-20ರ ಬಾಲದ ನೆರಳು ಎರಡು ಕವಲಾಗಿ ಬೀಳುತ್ತದೆ, ಜೆ-10ರದ್ದು ಒಂದೇ. ಜೆ-20ಎಸ್‌ನ ಎರಡನೇ ಆಸನ ಮಾತ್ರ ಮೇಲಿನಿಂದ ಕೈಕೊಡುತ್ತದೆ, ರೆಕ್ಕೆಯ ಆಕಾರ ಅದೇ. 2024ರ ಡಿಸೆಂಬರ್ 26ರಂದು ಮೊದಲು ಕಂಡ ಬಾಲವಿಲ್ಲದ ದೊಡ್ಡ ಪರೀಕ್ಷಾ ವಿಮಾನವೂ ಚೆಂಗ್ಡುವಿನದ್ದೇ. ಅದನ್ನು ಉತ್ಪಾದನೆಯ ಸಾಲಿಗೆ ಸೇರಿಸಬಾರದು.

ಚೆಂಗ್ಡುವಿನ ಆಕಾಶ ಇನ್ನೊಂದು ತೊಡಕು. ಸಿಚುವಾನಿನ ನಾಯಿಗಳು ಸೂರ್ಯನನ್ನು ಕಂಡರೆ ಬೊಗಳುತ್ತವೆ ಎಂಬ ಗಾದೆಯೇ ಚೀನೀ ಭಾಷೆಯಲ್ಲಿದೆ, ಅಲ್ಲಿ ಬಿಸಿಲು ಅಷ್ಟು ಅಪರೂಪ. ಚಳಿಗಾಲದಲ್ಲಿ ವಾರಗಟ್ಟಲೆ ಮೋಡ ಮುಚ್ಚಿರುತ್ತದೆ. ಸ್ಪಷ್ಟ ಚಿತ್ರ ಸಿಗುವ ದಿನ ಎಂದರೆ ಹಾರಾಟಕ್ಕೂ ಒಳ್ಳೆಯ ದಿನ. ಆಗ ಕೆಲವು ವಿಮಾನ ಗಾಳಿಯಲ್ಲಿರುತ್ತವೆ, ಏಪ್ರನ್ ಎಣಿಕೆ ಕಡಿಮೆ ಬರುತ್ತದೆ. ಚಿತ್ರ ತೆಗೆಯುವ ಹಲವು ಉಪಗ್ರಹಗಳು ಸ್ಥಳೀಯ ಸೌರ ಸಮಯ ಬೆಳಿಗ್ಗೆ 10.30ರ ಹೊತ್ತಿಗೆ ಹಾದುಹೋಗುತ್ತವೆ. ಚೀನಾ ಪೂರ್ತಿ ಬೀಜಿಂಗ್ ಸಮಯವೊಂದೇ ಆದ್ದರಿಂದ ಚೆಂಗ್ಡು ಗಡಿಯಾರದಲ್ಲಿ ಅದು ಸುಮಾರು 11.35, ಹಾರಾಟದ ನಟ್ಟನಡು ಹೊತ್ತು. ನೆರಳಿನ ಶೆಡ್ಡುಗಳ ಅಡಿಯಲ್ಲಿ ನಿಂತವೂ ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ ಒಂದು ಚಿತ್ರದ ಎಣಿಕೆಗೆ ಬೆಲೆಯಿಲ್ಲ. ವರ್ಷಕ್ಕೆ ಹನ್ನೆರಡಾದರೂ ಬೇಕು, ಅವು ಬೇರೆ ಬೇರೆ ತಿಂಗಳಿನವೂ ಆಗಿರಬೇಕು. ಚೀನೀ ಹೊಸ ವರ್ಷದ ರಜೆಯ ಚಿತ್ರವನ್ನು ಸರಾಸರಿಗೆ ಸೇರಿಸಬೇಡಿ.

ಏಪ್ರನ್ ತುಂಬಿದ್ದರೆ ಉತ್ಪಾದನೆ ಜೋರು ಎಂದೇ ಅರ್ಥವಲ್ಲ. ತೇಜಸ್ ಮಾರ್ಕ್ 1ಎ ಮತ್ತೆ ನೋಡಿ. 2021ರ ಫೆಬ್ರುವರಿಯಲ್ಲಿ 83ಕ್ಕೆ ಆದೇಶ ಆಯಿತು. ಅವಕ್ಕೆ ಬೇಕಾದ ಹೊಸ ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ವಿಮಾನದ ದೇಹಗಳು ಸಿದ್ಧವಾಗುತ್ತಾ ಕಾದು ನಿಂತವು. ಬರೀ ನಿಂತ ವಿಮಾನ ಎಣಿಸಿ, ಮಾಮೂಲಿ ತಂಗುವ ದಿನದಿಂದ ಭಾಗಿಸಿದ್ದರೆ ದರ ಎಷ್ಟೋ ಪಟ್ಟು ಹೆಚ್ಚು ಬರುತ್ತಿತ್ತು. ಜೆ-20 ಡಬ್ಲ್ಯುಎಸ್-10 ಎಂಜಿನ್‌ನಿಂದ ಹೊಸ ಡಬ್ಲ್ಯುಎಸ್-15ಕ್ಕೆ ದಾಟುವ ಕಾಲದಲ್ಲಿ ಈ ಎಚ್ಚರ ಬೇಕೇ ಬೇಕು. ನಿಂತವುಗಳ ಎಂಜಿನ್ ಜಾಗ ಮುಚ್ಚಿದೆಯೇ, ಅದೇ ಜಾಗದಲ್ಲಿ ಅದೇ ವಿಮಾನ ಮೂರು ಚಿತ್ರಗಳಲ್ಲೂ ಅಲುಗಾಡದೆ ನಿಂತಿದೆಯೇ ಎಂದು ನೋಡುತ್ತೇನೆ. ಅಲುಗಾಡದವನ್ನು ಎಣಿಕೆಯಿಂದ ತೆಗೆದುಹಾಕುತ್ತೇನೆ.

ಮೂರನೇ ದಾರಿ ಬ್ರಿಗೇಡ್, ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಯುದ್ಧ ಬ್ರಿಗೇಡಿಗೆ 24ರ ಆಸುಪಾಸು ವಿಮಾನ ಎಂದು ಹಿಡಿಯುವುದು ವಾಡಿಕೆ. ವುಹುವಿನ 9ನೇ ಬ್ರಿಗೇಡಿನಲ್ಲಿ ಮೊದಲಿದ್ದದ್ದು ಸುಖೋಯ್-30, ಅನ್‌ಷಾನ್‌ನ 1ನೇ ಬ್ರಿಗೇಡಿನಲ್ಲಿ ಜೆ-11ಬಿ. ಹಳೆಯವು ಖಾಲಿಯಾಗುವುದು, ಹೊಸ ಆಶ್ರಯ ಶೆಡ್ಡುಗಳು ಏಳುವುದು ಬದಲಾವಣೆಯ ಮೊದಲ ಸುಳಿವು. ವಿಮಾನ ಬರುವುದು ಆಮೇಲೆ, ಅದೂ ಕಂತಿನಲ್ಲಿ. ಎರಡು ಜೆ-20 ಇಳಿದದ್ದು ಕಂಡ ಕೂಡಲೇ 24 ಸೇರಿಸಿಬಿಡುವುದು ಇಲ್ಲಿನ ದೊಡ್ಡ ತಪ್ಪು. ಡಿಂಗ್‌ಶಿನ್‌ನ 176ನೇ, ಕಾಂಗ್‌ಝೌನ 172ನೇ ಬ್ರಿಗೇಡುಗಳು ಪರೀಕ್ಷೆ ಮತ್ತು ತರಬೇತಿಯವು, ಅವಕ್ಕೆ 24ರ ಅಳತೆಗೋಲು ಹಿಡಿಯಬಾರದು.

ಕೊನೆಗೆ ಮೂರನ್ನೂ ಒಂದೇ ಗೆರೆಯ ಮೇಲೆ ಇಡುತ್ತೇನೆ. ಲೆಕ್ಕದ ರೀತಿ ತೋರಿಸಲು ಉದಾಹರಣೆಯ ಅಂಕಿ ಹೇಳುವುದಾದರೆ: ಸಂಖ್ಯೆಗಳ ಗೆರೆ 70ರಿಂದ 95 ಎನ್ನುತ್ತದೆ, ಏಪ್ರನ್ 55ರಿಂದ 131 ಎನ್ನುತ್ತದೆ, ವರ್ಷದಲ್ಲಿ ಪೂರ್ತಿ ಬದಲಾದ ಮೂರು ಬ್ರಿಗೇಡಿನಿಂದ ಕನಿಷ್ಠ 72 ಬರುತ್ತದೆ. ಆಗ ನಾನು ಬರೆಯುವುದು ‘72ರಿಂದ 95, ಹಸ್ತಾಂತರ’ ಎಂದು. ನಡುವಿನ ಒಂದು ಅಂಕಿ ಆರಿಸಿ ಕೊಡುವುದಿಲ್ಲ. ಮೂರೂ ಒಂದರ ಮೇಲೊಂದು ಕೂರದಿದ್ದರೆ ಸರಾಸರಿ ತೆಗೆಯದೆ, ಯಾವ ಊಹೆ ಮುರಿದಿದೆ ಎಂದು ಹುಡುಕುತ್ತೇನೆ. ಹತ್ತರಲ್ಲಿ ಏಳು ಸಲ ಅದು ತಂಗುವ ದಿನವೇ. ಆಮೇಲೆ ಕೆಲಸದ ದಿನಗಳ ತಾಳೆ: ವರ್ಷಕ್ಕೆ 250 ಕೆಲಸದ ದಿನ, 90 ವಿಮಾನ ಎಂದರೆ 2.8 ದಿನಕ್ಕೊಂದು ಹೊರಬರಬೇಕು. ಶೆಡ್ಡಿನ ಅಳತೆಗೆ ಅಷ್ಟು ಜೋಡಣಾ ಜಾಗ ಹಿಡಿಸುತ್ತದೆಯೇ ಎಂದು ನೋಡಬೇಕು. ಚಾವಣಿಯ ವಿಸ್ತೀರ್ಣ ಮಿತಿಯನ್ನಷ್ಟೇ ಹೇಳುತ್ತದೆ, ಒಳಗೆ ಎಷ್ಟು ಪಾಳಿ ನಡೆಯುತ್ತದೆ ಎಂದು ಹೇಳುವುದಿಲ್ಲ.

2024ರ ನವೆಂಬರ್‌ನಲ್ಲಿ ಝುಹಾಯ್‌ನಲ್ಲಿ ಹಾರಿದ ಇನ್ನೊಂದು ಸ್ಟೆಲ್ತ್ ವಿಮಾನ ಜೆ-35ಎಗೆ ಇದೇ ಹಾಳೆಯನ್ನು ಹೊಸದಾಗಿ ತೆರೆಯಬೇಕು. ಅದರ ಕಾರ್ಖಾನೆ ಶೆನ್‌ಯಾಂಗ್, ಅಲ್ಲಿ ಜೆ-15, ಜೆ-16 ಯುದ್ಧವಿಮಾನಗಳೂ ತಯಾರಾಗುತ್ತವೆ. ಚೆಂಗ್ಡುವಿನಲ್ಲಿ ಕಣ್ಣು ದೊಡ್ಡ ವಿಮಾನ ಹುಡುಕುತ್ತದೆ. ಶೆನ್‌ಯಾಂಗ್‌ನಲ್ಲಿ ಸ್ಟೆಲ್ತ್ ವಿಮಾನವೇ ಸಾಲಿನಲ್ಲಿ ಚಿಕ್ಕದು. ನೌಕಾಪಡೆಯ ಜೆ-35 ಮತ್ತು ವಾಯುಪಡೆಯ ಜೆ-35ಎ ಎರಡಕ್ಕೂ ಮೊದಲ ದಿನದಿಂದಲೇ ಬೇರೆ ಕಾಲಂ ಇಡುವುದು ಒಳ್ಳೆಯದು. ಒಂದೇ ಕಾಲಂನಲ್ಲಿ ತುಂಬಿ ಆಮೇಲೆ ಬಿಡಿಸಲು ಹೊರಟರೆ ಹಳೆಯ ಪ್ರತಿ ಚಿತ್ರವನ್ನೂ ಮತ್ತೆ ತೆರೆದು, ಹಡಗಿನ ವಿಮಾನದ ಮೂಗಿನ ಅಡಿಯ ಜೋಡಿ ಚಕ್ರವನ್ನು ಹುಡುಕುತ್ತಾ ಕೂರಬೇಕಾಗುತ್ತದೆ.